ಎಡಗೈಯ ಹುಚ್ಚಮ್ಮ

ಚೆನ್ನೈನ ಕೋಡಂಬಾಕ್ಕಂನ ಒಂದು ಸಿನಿಮಾ ಆಫೀಸಿನ ಗೋಡೆಯ ತುಂಬ ಅಂಟಿಸಿದ್ದ ಚಿತ್ರಗಳನ್ನು ಕಂಡಾಗ ಕಲಾವತಿಗೆ ಮೊದಲು ಅನಿಸಿದ್ದು, ಇವು ಇಷ್ಟು ಚೆನ್ನಾಗಿರಬಾರದಿತ್ತು ಎಂದು.

ರೈಲ್ವೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ಬೋಗಿಗಳ ನಕ್ಷೆ ಬರೆದು ನಿವೃತ್ತಳಾದ ಮೇಲೆ, ತಾಂಬರಂನ ಮನೆಯಲ್ಲಿ ಕೂತು ಅವಳು ಆರು ವರ್ಷ ಒಂದು ಚಿತ್ರಕಾದಂಬರಿ ಬರೆದಿದ್ದಳು. ಕೋಯಂಬೇಡು ಮಾರ್ಕೆಟ್ಟಿನಲ್ಲಿ ಬಾಳೆಎಲೆ ಕತ್ತರಿಸಿ ಮಾರುವ ಹುಚ್ಚಮ್ಮನ ಕಥೆ. ಮಾತು ಕಡಿಮೆ, ಚಿತ್ರವೇ ಎಲ್ಲ. ಅದನ್ನು ಈಗ ಮಧುಸೂದನ್ ಎಂಬ ನಿರ್ದೇಶಕ ನಟನಟಿಯರನ್ನು ಹಾಕಿ ಸಿನಿಮಾ ಮಾಡಲು ಹೊರಟಿದ್ದ. ಕ್ಯಾಮೆರಾ ಎಲ್ಲಿರಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಶೂಟಿಂಗಿಗೆ ಮುಂಚೆ ಒಂದೊಂದು ದೃಶ್ಯದ ಚಿತ್ರವನ್ನೂ ಬರೆದಿಟ್ಟುಕೊಳ್ಳುವ ಸ್ಟೋರಿಬೋರ್ಡಿನ ಕೆಲಸ ತನಗೇ ಬರುತ್ತದೆ ಎಂದು ಕಲಾವತಿ ಹೊಸ ಪೆನ್ಸಿಲ್ಲುಗಳನ್ನೂ ತಂದಿಟ್ಟುಕೊಂಡಿದ್ದಳು. ಕೆಲಸ ಸಿಕ್ಕಿದ್ದು ಪಾವನಾಗೆ; ಗೋಡೆಯ ಮೇಲಿದ್ದವು ಅವಳು ಬರೆದ ಚಿತ್ರಗಳು. ಇಪ್ಪತ್ತೇಳರ ಹುಡುಗಿ, ಮೈಸೂರಿನವಳು, ಚೆನ್ನೈಗೆ ಬಂದು ಇನ್ನೂ ಎರಡು ವರ್ಷ.

ಕಲಾವತಿಗೆ ಉಳಿದದ್ದು ಒಪ್ಪಂದದ ಒಂದು ಸಾಲು. ಪ್ರತಿ ಹಾಳೆಗೂ ಅವಳ ಸಹಿ ಬೇಕು. ಅವಳು ಬೇಡವೆಂದರೆ ಬೇರೆ ಕಲಾವಿದರನ್ನು ಹುಡುಕಬೇಕು. ಬೇಡ ಎನ್ನಲು ಒಂದೇ ಒಂದು ಕಾರಣ ಸಿಕ್ಕರೆ ಸಾಕು ಎಂದುಕೊಂಡೇ ಅವಳು ಬೆಳಿಗ್ಗೆ ಎಲೆಕ್ಟ್ರಿಕ್ ಟ್ರೈನ್ ಹತ್ತಿದ್ದಳು.

"ಇಲ್ಲಿ ಕೂತ್ಕೊಳ್ಳಿ ಆಂಟಿ, ಫ್ಯಾನಿನ ಕೆಳಗೆ," ಎಂದು ಪಾವನಾ ಕುರ್ಚಿ ಎಳೆದು ಹಾಕಿದಳು. ಅದೂ ಕಲಾವತಿಗೆ ಸಹಿಸಲಾಗಲಿಲ್ಲ. ನಿಂತೇ ನೋಡಿದಳು. ಮೂರನೆಯ ಸಾಲಿನಲ್ಲಿ ಕಾರಣ ಸಿಕ್ಕಿತು.

"ಇದೇನು? ನನ್ನ ಹುಚ್ಚಮ್ಮ ಎಡಚಿ. ಪುಸ್ತಕದ ಉದ್ದಕ್ಕೂ ಚಾಕು ಎಡಗೈಯಲ್ಲಿದೆ. ಇಲ್ಲಿ ಎಲ್ಲ ಬಲಗೈ. ಪುಸ್ತಕ ನೋಡದೆ ಬರೆದರೆ ಹೀಗೇ ಆಗೋದು."

ಮಧುಸೂದನ್ ಹತ್ತಿರ ಬಂದ. "ಅಯ್ಯೋ, ಅದು ರೊಂಬ ಮುಖ್ಯ ಅಲ್ವಾ ಮೇಡಂ. ಲೋಕ ಎಲ್ಲ ಒಂದು ಕಡೆ, ಇವಳೊಬ್ಬಳು ಒಂದು ಕಡೆ, ಅದನ್ನ ತಾನೆ ನೀವು ಹೇಳಿರೋದು? ನಾನು ಇಂಟರ್‌ವ್ಯೂನಲ್ಲೂ ಹೇಳಿಬಿಟ್ಟಿದೀನಿ. ಹೀರೋಯಿನ್ನಿಗೆ ನಾಳೆಯಿಂದ್ಲೇ ಎಡಗೈಲಿ ಚಾಕು ಕೊಟ್ಟು ಪ್ರಾಕ್ಟೀಸ್ ಮಾಡಿಸ್ಬೇಕು. ಏನಮ್ಮಾ ಪಾವನಾ ಇದು?"

ಇಷ್ಟು ದೊಡ್ಡ ಅರ್ಥ ಕಲಾವತಿಯ ತಲೆಗೆ ಎಂದೂ ಬಂದಿರಲಿಲ್ಲ. ಆದರೂ ತಲೆಯಾಡಿಸಿದಳು.

ಪಾವನಾ ಪುಸ್ತಕವನ್ನೊಮ್ಮೆ, ಕಲಾವತಿಯ ಮುಖವನ್ನೊಮ್ಮೆ ನೋಡಿದಳು. "ನಂದೇ ತಪ್ಪು ಸರ್. ಬದಲಾಯಿಸ್ತೀನಿ."

"ಬದಲಾಯಿಸೋದೋ, ಆಳನ್ನೇ ಬದಲಾಯಿಸೋದೋ, ಮೇಡಂ ಹೇಳಲಿ," ಎಂದು ಅವನು ಫೋನು ಹಿಡಿದು ಹೊರಗೆ ಹೋದ.

ಇಬ್ಬರೇ ಉಳಿದರು. ಪಾವನಾ ದನಿ ತಗ್ಗಿಸಿದಳು. "ಒಂದು ಕೇಳ್ಲಾ ಆಂಟಿ? ಹುಚ್ಚಮ್ಮನ್ನ ಕನ್ನಡಿ ನೋಡಿ ಬರೆದ್ರಾ?"

ಹೌದು. ಮನೆಯಲ್ಲಿ ಎದುರು ನಿಲ್ಲುವವರು ಯಾರೂ ಇರಲಿಲ್ಲ. ಅಡುಗೆಮನೆಯ ಚಾಕು ಹಿಡಿದು ಬೀರುವಿನ ಕನ್ನಡಿಯ ಮುಂದೆ ತಾನೇ ನಿಂತು, ಕಂಡದ್ದನ್ನು ಕಂಡಂತೆ ಬರೆದಿದ್ದಳು.

"ಪುಸ್ತಕದಲ್ಲಿ ಅವಳ ಸೆರಗು ನೋಡಿ. ಬಲಭುಜದ ಮೇಲಿದೆ. ಮಿಕ್ಕ ಹೆಂಗಸರದೆಲ್ಲ ಎಡಕ್ಕೇ ಇದೆ. ಅದಕ್ಕೇ ನಾನು ಚಾಕು ಬಲಗೈಗೆ ಕೊಟ್ಟೆ."

ಆರು ವರ್ಷ ಬರೆದವಳಿಗೂ ಕಂಡಿರಲಿಲ್ಲ, ಓದಿದವರಿಗೂ ಕಂಡಿರಲಿಲ್ಲ. ಕಲಾವತಿಯ ಕಿವಿ ಬಿಸಿಯಾಯಿತು. "ಆಗಲೇ ಯಾಕೆ ಹೇಳಲಿಲ್ಲ?"

"ಸರ್ ಅಷ್ಟು ಹೊಗಳ್ತಿರುವಾಗ ಹೇಗೆ ಹೇಳಲಿ? ಇದು ಎಲ್ಲರೂ ಮಾಡೋ ತಪ್ಪು ಆಂಟಿ. ನಾನು ಕಾಲೇಜಲ್ಲಿ ಹೀಗೇ ಕನ್ನಡಿ ನೋಡಿ ಬರೆದದ್ರಲ್ಲಿ ನಮ್ಮಜ್ಜಿ ಎಡಗೈಲಿ ಊಟ ಮಾಡ್ತಾರೆ. ಅಜ್ಜಿ ಇನ್ನೂ ನನ್ನನ್ನ ಸರಿಯಾಗಿ ಮಾತಾಡಿಸಿಲ್ಲ."

ಕಲಾವತಿಗೆ ನಗು ಬರಲಿಲ್ಲ. ಚೆನ್ನಾಗಿ ಬರೆಯುತ್ತಾಳೆ, ಚೆನ್ನಾಗಿ ನೋಡುತ್ತಾಳೆ, ಸಾಲದ್ದಕ್ಕೆ ಒಳ್ಳೆಯವಳು. ಮೂರರಲ್ಲಿ ಒಂದಾದರೂ ಕಡಿಮೆಯಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಈಗಲೂ ಸುಮ್ಮನಿದ್ದರೆ ಸಾಕು, ಹುಡುಗಿ ತನ್ನ ಹಾಳೆ ಸುತ್ತಿಕೊಂಡು ಹೋಗುತ್ತಾಳೆ. ಕಲಾವತಿ ಮಾಡಿದ ತಪ್ಪಿಗಾಗಿ ಇನ್ಯಾವಳೋ ನಟಿ ಎಡಗೈಯಲ್ಲಿ ಚಾಕು ಹಿಡಿದು ಬೆರಳು ಕುಯ್ದುಕೊಳ್ಳುತ್ತಾಳೆ.

ಮಧುಸೂದನ್ ಬಾಗಿಲಲ್ಲಿ ತಲೆ ಹಾಕಿದ. "ಏನು ಮೇಡಂ, ಬೇರೆಯವರನ್ನ ನೋಡೋಣ್ವಾ?"

ಕಲಾವತಿ ಅವನ ಕಡೆ ತಿರುಗಿದಳು. "ಬೇಡ. ಹುಚ್ಚಮ್ಮ ಎಡಚಿ ಅಲ್ಲ. ನಾನು ಕನ್ನಡಿ ನೋಡಿ ಬರೆದೆ, ಬಲ ಎಡವಾಯ್ತು. ಇವಳು ಬರೆದದ್ದೇ ಸರಿ."

"ಆದ್ರೆ ಇಂಟರ್‌ವ್ಯೂನಲ್ಲಿ ನಾನು..."

"ಅದು ನೀವು ಹೇಳಿದ್ದಪ್ಪ, ನಾನಲ್ಲ."

ಕಲಾವತಿ ಕುರ್ಚಿಯಲ್ಲಿ ಕೂತು, ಪೆನ್ನು ಕೇಳಿ ತೆಗೆದುಕೊಂಡು, ಪಾವನಾ ಗೋಡೆಯಿಂದ ಬಿಡಿಸಿ ಕೊಟ್ಟ ಹಾಳೆ ಹಾಳೆಗೂ ಸಹಿ ಹಾಕತೊಡಗಿದಳು. ಏಳನೆಯದರಲ್ಲಿ ಕೈ ನಿಂತಿತು. ಮಾರ್ಕೆಟ್ಟಿನ ನಡುವೆ ಹುಚ್ಚಮ್ಮನ ಬೆನ್ನು, ಬರೀ ಬೆನ್ನು. ಅದರಲ್ಲೇ ಅವಳ ಸುಸ್ತು, ಹಟ ಎಲ್ಲ ಇತ್ತು. ಆರು ವರ್ಷದಲ್ಲಿ ಕಲಾವತಿ ಅವಳ ಬೆನ್ನನ್ನು ಒಮ್ಮೆಯೂ ಬರೆದಿರಲಿಲ್ಲ.

"ಇದು ನನಗೆ ಬರ್ತಿರಲಿಲ್ಲ," ಎಂದಳು ಹಾಳೆಗೆ.

"ಏನಂದ್ರಿ ಆಂಟಿ?"

ಏನಿಲ್ಲ ಎಂದುಬಿಡಬಹುದಿತ್ತು. ಹೊಟ್ಟೆಯ ಉರಿ ಹಾಗೇ ಇತ್ತು. ಕಲಾವತಿ ತಲೆಯೆತ್ತಿ, ಹೊರಗೆ ನಿಂತಿದ್ದ ಮಧುಸೂದನನಿಗೂ ಕೇಳುವಷ್ಟು ಗಟ್ಟಿಯಾಗಿ ಅದನ್ನೇ ಇನ್ನೊಮ್ಮೆ ಹೇಳಿದಳು.