ಹಿಂದಿನಿಂದ ಮೂರನೆಯದು

"ಉಸ್ತಾಜ್ ಅಂತ ಬೇಡ ಚಿಕ್ಕಪ್ಪ, ಉಸ್ತಾ ಅಂತ ಬರೀರಿ," ಎನ್ನುತ್ತ ಸುಹೇರ್ ಫಿಕ್ರಿಯ ಕೈಯಲ್ಲಿದ್ದ ಚೀಟಿಯನ್ನು ಕಿತ್ತುಕೊಂಡಳು. ಮಸೀದಿಯ ಮೈಕಿನಲ್ಲಿ ಸಾವಿನ ಸುದ್ದಿ ಓದಲು ಕೊಡಬೇಕಾದ ಚೀಟಿ ಅದು. ಒಳಕೋಣೆಯಲ್ಲಿ ಅವಳ ಅಪ್ಪ ಲಬೀಬರಿಗೆ ಸ್ನಾನ ಮುಗಿಸಿ ಕಫನ್ ಬಟ್ಟೆ ಸುತ್ತುತ್ತಿದ್ದರು.

ಫಿಕ್ರಿ ಮುಖ ಗಂಟಿಕ್ಕಿದ. "ಮೂವತ್ತೊಂದು ವರ್ಷ ಕಾಲೇಜಲ್ಲಿ ಪಾಠ ಹೇಳಿದ ಮನುಷ್ಯ ಕಣಮ್ಮ ನಮ್ಮಣ್ಣ. ಗ್ಯಾರೇಜಿನವರ ಥರ ಉಸ್ತಾ ಅಂದ್ರೆ ಜನ ಏನಂದ್ಕೋತಾರೆ?"

"ಜನ ಏನಾದ್ರೂ ಅಂದ್ಕೊಳ್ಲಿ. ಅಪ್ಪನಿಗೆ ಅದೊಂದೇ ಆಸೆ ಇದ್ದದ್ದು."

"ಗಲ್ಲಿಯೋರು ಒಂದು ದಿನಾನೂ ಹಂಗೆ ಕರೀಲಿಲ್ಲ. ಈಗ ನಾವೇ ಮೈಕಲ್ಲಿ ಕೂಗಿಸಿಕೊಂಡ್ರೆ ಮೀಸೆ ಕೆಳಗೆ ನಗ್ತಾರೆ, ಅಷ್ಟೆ."

ಸುಹೇರ್ ಚೀಟಿ ವಾಪಸು ಕೊಟ್ಟಳು.

ಈಜಿಪ್ಟಿನ ದಮನ್ಹೂರಿನಲ್ಲಿ ಪಾಠ ಹೇಳುವವನು ಉಸ್ತಾಜ್, ಕೈ ಕಪ್ಪು ಮಾಡಿಕೊಂಡು ಕಸಬು ಗೆದ್ದವನು ಉಸ್ತಾ. ಮೇಷ್ಟ್ರು, ಮೇಸ್ತ್ರಿ ಇದ್ದ ಹಾಗೆ. ಮೊದಲನೆಯದನ್ನು ಸರ್ಕಾರ ಕಾಗದ ಬರೆದು ಕೊಡುತ್ತದೆ. ಎರಡನೆಯದನ್ನು ಮೆಕ್ಯಾನಿಕ್ ಗಲ್ಲಿಯೇ ಕೊಡಬೇಕು, ಅದೂ ಕೇಳದೆ. ಲಬೀಬರ ಮನೆ ಇದ್ದದ್ದು ಆ ಗಲ್ಲಿಯ ಬಾಯಲ್ಲೇ. ಉಸ್ತಾ ಒಬ್ಬ ಸತ್ತರೆ ಗಲ್ಲಿಯ ಹದಿನಾಲ್ಕು ಅಂಗಡಿಗಳ ಶಟರುಗಳೂ ಕೆಳಗೆ ಬರುತ್ತವೆ. ಬೇರೆ ಯಾರೇ ಸತ್ತರೂ ರೇಡಿಯೊ ಸದ್ದು ತಗ್ಗಿಸುತ್ತಾರೆ, ಸುತ್ತಿಗೆ ಸದ್ದು ನಿಲ್ಲುವುದಿಲ್ಲ.

ಹತ್ತು ದಿನದ ಹಿಂದೆ ಬಾಲ್ಕನಿಯಲ್ಲಿ ಕೂತು ಲಬೀಬ್ ಹೇಳಿದ್ದರು: "ನನ್ನನ್ನ ಈ ಗಲ್ಲಿ ಒಳಗಿಂದಲೇ ತಗೊಂಡು ಹೋಗಿ ಮಗಳೇ. ಶಟರ್ ಎಳೆದ್ರೆ ಎಳೀಲಿ. ಇಲ್ಲಾಂದ್ರೆ ಬಿಡ್ಲಿ." ಬಿಡ್ಲಿ ಎನ್ನುವಾಗ ದನಿ ನಡುಗಿತ್ತು. ಸುಹೇರ್ ಕೇಳಿಸದವಳಂತೆ ಚಹಾ ಲೋಟ ಎತ್ತಿಕೊಂಡು ಒಳಗೆ ಹೋಗಿದ್ದಳು.

*

ಕಾಲೇಜಿನ ಶೆಡ್ಡಿನಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೊಂದು ಎಂಜಿನ್ ಇತ್ತು. ಲಬೀಬರ ವಿದ್ಯಾರ್ಥಿಗಳೆಲ್ಲ ಅದನ್ನೇ ಬಿಚ್ಚಿ, ಅದನ್ನೇ ಜೋಡಿಸಿ ಪಾಸಾದವರು. ನೂರಾರು ಸಲ ಗುಡುಗಿದರೂ ಅದು ಗೇಣು ದೂರ ಹೋದದ್ದಿಲ್ಲ. ಗಲ್ಲಿಯ ಹಿರಿಯ ಮಹ್ರೂಸನಿಗೆ ಇಷ್ಟು ಸಾಕಾಗಿತ್ತು. "ಏನು ಉಸ್ತಾಜ್, ನಿಮ್ಮ ಎಂಜಿನ್ ಇವತ್ತಾದ್ರೂ ಅಲೆಕ್ಸಾಂಡ್ರಿಯಾ ಮುಟ್ತಾ?" ಎಂದು ಸಂಜೆಸಂಜೆ ಕೂಗುತ್ತಿದ್ದ.

ಇಪ್ಪತ್ತು ವರ್ಷದ ಹಿಂದೆ ಲಬೀಬ್ ಕೊನೆಯ ವರ್ಷದ ಹುಡುಗರನ್ನು ಗಲ್ಲಿಗೆ ಕರೆತಂದರು. ಮಹ್ರೂಸ್ ಗಡಗಡ ನಡುಗುತ್ತಿದ್ದ ಒಂದು ಫ್ರೆಂಚ್ ಟ್ಯಾಕ್ಸಿಯ ಬಾನೆಟ್ ಎತ್ತಿ, "ಯಾವ ಸಿಲಿಂಡರ್ ಸತ್ತಿದೆ, ಹೇಳಿ ನೋಡೋಣ," ಎಂದ. ಲಬೀಬ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದರು.

"ಮೂರನೆಯದು."

ಮಹ್ರೂಸ್ ಫ್ಯಾನಿನ ಕಡೆಯಿಂದ ಎಣಿಸಿ ಮೂರನೆಯದರ ಪ್ಲಗ್ ವೈರು ಕಿತ್ತ. ಎಂಜಿನ್ ಇನ್ನಷ್ಟು ಒದ್ದಾಡಿತು. ಅಂದರೆ ಅದು ಬದುಕಿತ್ತು. ಎರಡನೆಯದನ್ನು ಕಿತ್ತ. ಏನೂ ಆಗಲಿಲ್ಲ, ಸತ್ತದ್ದು ಅದೇ. ಗಲ್ಲಿ ಬಿದ್ದು ಬಿದ್ದು ನಕ್ಕಿತು. "ಕಾಲೇಜಲ್ಲಿ ಎಣಿಸೋದು ಹೇಳ್ಕೊಡಲ್ವಾ ಉಸ್ತಾಜ್?" ಲಬೀಬರೂ ಜೊತೆಗೆ ನಕ್ಕರು.

ಮನೆಗೆ ಬಂದು ಮಗಳ ಮುಂದೆ ನಾಲ್ಕು ಆಲೂಗಡ್ಡೆ ಸಾಲಾಗಿಟ್ಟರು. "ಆ ಕಂಪನಿಯವರು ಹಿಂದಿನಿಂದ ಎಣಿಸ್ತಾರೆ, ಗೇರ್‌ಬಾಕ್ಸ್ ಕಡೆಯಿಂದ. ಫ್ಯಾನ್ ಕಡೆಯಿಂದ ಎರಡನೆಯದೇ ಮೂರನೆಯದು."

"ಅಲ್ಲೇ ಹೇಳ್ಬಾರದಿತ್ತೇನಪ್ಪ?" ಸುಹೇರಳಿಗೆ ಆಗ ಹದಿನೈದು. ಸಿಟ್ಟಿಗೆ ಕಣ್ಣು ತುಂಬಿತ್ತು.

"ಹನ್ನೆರಡು ಹುಡುಗರಿಗೆ ಮುಂದಿನ ತಿಂಗಳು ಅದೇ ಗಲ್ಲೀಲಿ ಕೆಲಸ ಬೇಕು. ಎಲ್ಲರೆದುರು ಅವನ ಮಾನ ಕಳೆದ್ರೆ ಇವರನ್ನ ಹತ್ತಿರ ಸೇರಿಸ್ತಾನಾ?"

ಆ ವರ್ಷ ಮಹ್ರೂಸ್ ಮೂವರನ್ನು ಸೇರಿಸಿಕೊಂಡ. ಗಲ್ಲಿ ಮಾತ್ರ ಆ ನಗುವನ್ನು ಮರೆಯಲಿಲ್ಲ. ಲಬೀಬ್ ಅದನ್ನು ಹೊಟ್ಟೆಗೆ ಹಾಕಿಕೊಂಡೇ ದಿನಾ ಮಹ್ರೂಸನ ಅಂಗಡಿ ಮುಂದೆ ಹಾದುಹೋದರು.

*

ಮಧ್ಯಾಹ್ನದ ನಮಾಜು ಮುಗಿದು ಶವದ ಮಂಚ ಹೊತ್ತ ನಾಲ್ವರೊಂದಿಗೆ ಜನಾಜಾ ಗಲ್ಲಿಯ ಬಾಯಿಗೆ ಬಂತು. ಸುಹೇರ್ ಹೆಂಗಸರ ಜೊತೆ ಹಿಂದೆ ನಡೆಯುತ್ತಿದ್ದಳು. ಕತ್ತು ಚಾಚಿ ನೋಡಿದಳು. ಹದಿನಾಲ್ಕು ಶಟರುಗಳೂ ಮೇಲೇ ಇದ್ದವು. ಎಲ್ಲೋ ವೆಲ್ಡಿಂಗ್ ಕಿಡಿ ಹಾರುತ್ತಿತ್ತು.

"ನಾನು ಬಡ್ಕೊಂಡೆ," ಎಂದ ಮುಂದೆ ಹೆಗಲು ಕೊಟ್ಟಿದ್ದ ಫಿಕ್ರಿ, ಹಿಂತಿರುಗಿ. "ದೊಡ್ಡ ರಸ್ತೇಲಿ ಹೋಗೋಣ ನಡೀರಿ."

"ಇಲ್ಲ. ಇಲ್ಲಿಂದಲೇ," ಎಂದಳು ಸುಹೇರ್.

ಅಷ್ಟರಲ್ಲಿ ಗಲ್ಲಿಯ ಆ ತುದಿಯಿಂದ ಮಹ್ರೂಸ್ ಬರುವುದು ಕಾಣಿಸಿತು. ಎಪ್ಪತ್ತು ದಾಟಿದ ಮುದುಕ, ಗ್ರೀಸು ಮೆತ್ತಿದ ಕೈಯನ್ನು ಜುಬ್ಬಕ್ಕೆ ಒರೆಸುತ್ತ ಓಡೋಡಿ ಬಂದ.

"ಮೈಕಲ್ಲಿ ಉಸ್ತಾಜ್ ಲಬೀಬ್ ಅಂದ್ರಲ್ಲ, ಯಾರು ಬರೆದುಕೊಟ್ಟದ್ದು?"

"ನಾನು," ಎಂದ ಫಿಕ್ರಿ, ಏಟಿಗೆ ಸಿದ್ಧನಾದವನಂತೆ.

"ತಪ್ಪು ಬರೆದಿದೀಯ." ಮಹ್ರೂಸ್ ಗಲ್ಲಿಯವರ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ. "ಕೇಳ್ರಪ್ಪಾ! ಆವತ್ತು ಆ ಟ್ಯಾಕ್ಸೀದು ಸತ್ತಿದ್ದು ಮೂರನೆಯದೇ! ಎಣಿಸೋಕೆ ಬರದೇ ಇದ್ದದ್ದು ನನಗೆ!"

ವೆಲ್ಡಿಂಗ್ ಸದ್ದು ನಿಂತಿತು.

ಸುಹೇರ್ ಮುಂದೆ ಬಂದಳು. "ಯಾವಾಗ ಗೊತ್ತಾಯ್ತು ಮಹ್ರೂಸ್ ಮಾಮ?"

"ಮರು ತಿಂಗಳೇ. ನನ್ನಲ್ಲಿ ಸೇರಿದ ನಿಮ್ಮಪ್ಪನ ಶಿಷ್ಯ, ಹಿಂದಿನಿಂದ ಎಣಿಸ್ಬೇಕು ಅಂತ ಕಂಪನಿ ಪುಸ್ತಕ ತೆಗೆದು ತೋರಿಸಿದ."

"ಇಪ್ಪತ್ತು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ಅವರು ದಿನಾ ನಿಮ್ಮ ಅಂಗಡಿ ಮುಂದೇನೇ ಹೋಗ್ತಿದ್ರು."

"ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ ಮಗಳೇ. ನಾಳೆ ಮುಗಿದೇ ಹೋಯ್ತು." ಮುದುಕ ತನ್ನ ಕೈ ನೋಡಿಕೊಂಡ. "ಹೆಗಲು ಕೊಡ್ಲಾ? ಕೈ ಗಲೀಜಾಗಿದೆ."

ಅವಳಿಗೆ ಅವನನ್ನು ಬಯ್ಯಬೇಕೆನಿಸಿತು, ಅಳಬೇಕೆನಿಸಿತು. "ಗ್ರೀಸು ಅಪ್ಪನಿಗೆ ಹೊಸದೇನಲ್ಲ," ಎಂದಳು.

ಫಿಕ್ರಿ ಬದಿಗೆ ಸರಿದು ಜಾಗ ಬಿಟ್ಟ. ಮಹ್ರೂಸ್ ಮುಂದಿನ ಬಲಗಡೆಗೆ ಹೆಗಲು ಕೊಟ್ಟು ಗಲ್ಲಿಯುದ್ದಕ್ಕೂ ಕೇಳುವಂತೆ ಕೂಗಿದ. "ಉಸ್ತಾ ಲಬೀಬ್ ಬರ್ತಿದಾರೆ! ಶಟರ್ ಎಳೀರೋ! ಹಿಂದಿನಿಂದ!"

ಗಲ್ಲಿಯ ಆ ತುದಿಯಲ್ಲಿ ಮೊದಲ ಶಟರು ಗಡಗಡನೆ ಬಿತ್ತು. ಪಕ್ಕದ್ದು ಬಿತ್ತು. ಮೂರನೆಯದು ಮಹ್ರೂಸನದೇ. ತುಕ್ಕು ತಿಂದು ಅರ್ಧಕ್ಕೆ ಸಿಕ್ಕಿಕೊಂಡಿತು. ಅವನ ಮಗ ಎರಡೂ ಕೈಯಲ್ಲಿ ಜೋತುಬಿದ್ದು ಎಳೆಯತೊಡಗಿದ.

ಮಹ್ರೂಸ್ ನಿಂತ. ಉಳಿದ ಮೂವರೂ ನಿಂತರು. ಆ ಶಟರು ನೆಲ ಮುಟ್ಟುವವರೆಗೆ ಯಾರೂ ಹೆಜ್ಜೆ ಎತ್ತಲಿಲ್ಲ.