ಕೇರದ ಜೋಳ

ದಾನಮ್ಮ ಬರಿಗೈಯಲ್ಲಿ ನಡೆಯುವಾಗಲೂ ತುಂಬಿದ ಕೊಡ ಹಿಡಿದವಳಂತೆ ನಡೆಯುತ್ತಾಳೆ. ಭುಜ ಅಲುಗದು, ಮೊಣಕೈ ಪಕ್ಕೆಯನ್ನು ಬಿಡದು, ಮೆಟ್ಟಿಲು ಬಂದರೆ ಪಾದ ಮೊದಲು ಕಲ್ಲನ್ನು ಮುಟ್ಟಿ ನೋಡಿ ಆಮೇಲೆ ಭಾರ ಕೊಡುತ್ತದೆ. ಈ ನಡಿಗೆಯನ್ನು ಅವಳಿಗೆ ಕಲಿಸಿದ್ದು ನೊಣಗಳು. ಸೇಡಂನ ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಲೇ, ಹಣ್ಣುನೊಣದ ಭ್ರೂಣದಲ್ಲಿ ತಲೆ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಸಂಶೋಧನೆಗೆ ಆರಿಸಿಕೊಂಡ ಅವಳು, ನೊಣದ ಸೀಸೆಗಳನ್ನು ಊಟದ ಡಬ್ಬಿಯೊಳಗಿಟ್ಟು, ಹಸಿ ಬಟ್ಟೆ ಸುತ್ತಿ, ಚಿತ್ತಾಪುರ, ವಾಡಿ, ಶಹಾಬಾದ ದಾಟಿ ಕಲಬುರಗಿ ನಗರದ ಪ್ರಯೋಗಾಲಯಕ್ಕೆ ರೈಲಿನಲ್ಲಿ ಒಯ್ಯುತ್ತಿದ್ದಳು. ಒಮ್ಮೆ ವಾಡಿಯಲ್ಲಿ ಹತ್ತಿದ ಹೆಂಗಸೊಬ್ಬಳು ಡಬ್ಬಿ ನೋಡಿ, "ಏನ್ ಪಲ್ಯ ಮಾಡೀರಿ ಮೇಡಮ್ನೋರ?" ಎಂದು ಕೇಳಿದಳಂತೆ. "ನೊಣ" ಎಂದಳಂತೆ ಇವಳು. ಕಲಬುರಗಿ ಬರುವವರೆಗೂ ಆ ಸೀಟಿನಲ್ಲಿ ಇವಳಿಗೆ ವಿಶಾಲವಾದ ಜಾಗ.

ಎಂ.ಎಸ್ಸಿ.ಯಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಆಗಲೂ ಉತ್ತರ ಹೇಳುವ ಮುಂಚೆ "ತಡೀರಿ" ಎನ್ನುತ್ತಿದ್ದಳು. ಬೇರೆಯವರು ಈ ಮಾತನ್ನು ಗೊತ್ತಿಲ್ಲದ್ದನ್ನು ಮುಚ್ಚಲು ಬಳಸುತ್ತಾರೆ. ಅವಳು ಗೊತ್ತಿದ್ದದ್ದನ್ನು ಇನ್ನೊಮ್ಮೆ ನೋಡಲು ಬಳಸುತ್ತಿದ್ದಳು. ಈಗ ತರಗತಿಯಲ್ಲಿ ತನ್ನ ವಿಷಯವನ್ನು ಅವಳು ಬಿಡಿಸಿ ಹೇಳುವುದನ್ನು ಕೇಳಬೇಕು. "ಜೀನು ಎಲ್ಲಾ ಕೋಶದಾಗೂ ಇರ್ತದ. ಹುಕುಂ ಎಲ್ಲಿ ಮುಟ್ತದೋ ಅಲ್ಲಷ್ಟೇ ತಲಿ ಆಗ್ತದ." ತಾಯಿನೊಣ ಮೊಟ್ಟೆಯ ಒಂದು ತುದಿಯಲ್ಲಿ ಒಂದು ದ್ರವ್ಯದ ಆದೇಶವನ್ನು ಇಟ್ಟಿರುತ್ತದೆ; ಆ ದ್ರವ್ಯ ಅಲ್ಲಿ ದಟ್ಟ, ಹಿಂದಕ್ಕೆ ಹೋದಂತೆ ತೆಳು. ತಲೆಯ ಜೀನುಗಳ ಪಕ್ಕದಲ್ಲಿರುವ ಡಿಎನ್ಎ ತುಣುಕುಗಳು ಆ ದಟ್ಟಣೆಯನ್ನು ಓದಿ, ಜೀನು ಎಲ್ಲಿ ಎಚ್ಚರಗೊಳ್ಳಬೇಕು, ಎಲ್ಲಿ ಮಲಗಿರಬೇಕು ಎಂದು ನಿರ್ಧರಿಸುತ್ತವೆ. ಅಂಥ ಒಂದು ತುಣುಕನ್ನು ಕತ್ತರಿಸಿ ತೆಗೆದ ತಳಿಯನ್ನು ದಾನಮ್ಮ ಸೇಡಂನಲ್ಲಿ ಸಾಕುತ್ತಿದ್ದಳು.

ಫಲಿತಾಂಶ ಅದ್ಭುತವಾಗಿತ್ತು. ಆ ತಳಿಯ ಮೊಟ್ಟೆಗಳಲ್ಲಿ ಅರ್ಧಕ್ಕರ್ಧ ಭ್ರೂಣಗಳಿಗೆ ತಲೆಯೇ ಇರಲಿಲ್ಲ. ತಲೆಯ ಇಡೀ ರಚನೆ ಈ ಒಂದು ತುಣುಕಿನ ಕೈಯಲ್ಲಿದೆ ಎಂದು ಪ್ರಬಂಧ ಸಿದ್ಧವಾಯಿತು. ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು, ಕೊಟ್ಟ ವಿಸ್ತರಣೆಯೂ ಕೊನೆಯದು. ಸಲ್ಲಿಸಿದರೆ ಡಾಕ್ಟರೇಟ್, ಸಲ್ಲಿಸದಿದ್ದರೆ ಏನೂ ಇಲ್ಲ. ಕರಡನ್ನು ಓದಿ ಮುಗಿಸಿದ ನಾನು ಸೇಡಂಗೆ ಹೋಗಿದ್ದೆ.

ಮನೆಯ ಪಡಸಾಲೆಯ ಫರಸಿಕಲ್ಲಿನ ಮೇಲೆ ಅವಳ ತಾಯಿ ಭೀಮಮ್ಮ ಮೊರ ಹಿಡಿದು ಜೋಳ ಕೇರುತ್ತಿದ್ದಳು. ತೆಂಗಳಿ ಹಳ್ಳಿಯ ಹೊಲದ ಬಿಳಿಜೋಳ. ಪ್ರತಿ ಬೀಸಿಗೂ ಒಣಗಿದ ಬೇವಿನೆಲೆ ಹಾರಿ ಬೀಳುತ್ತಿತ್ತು. ಕಾಳು ಕೆಡದಿರಲೆಂದು ಚೀಲದಲ್ಲಿ ಬೇವು ಹಾಕಿಡುವುದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ದಾನಮ್ಮ ನನಗೆ ಚಹಾ ತರುತ್ತಿದ್ದವಳು ಹಾಗೆಯೇ ನಿಂತಳು.

"ಯವ್ವಾ, ನನ್ನ ನೊಣದ ಹಿಟ್ಟಿಗೆ ಗಿರಣಿಗೆ ಕಳಿಸ್ತಿದ್ದಿಯಲ್ಲ, ಆ ಜ್ವಾಳನೂ ಹಿಂಗೇ ಕೇರಿ ಕಳಿಸ್ತಿದ್ದಿ?"

"ಮಂದಿ ಉಣ್ಣೂದಾದ್ರ ಹಸನ ಮಾಡ್ತೀನಿ. ನೊಣಕ್ಕ ಯಾರು ಕೇರ್ತಾರ?"

"ಅಂದ್ರ ಬೇವೂ ಕೂಡೇ ಬೀಸಿ ಬಂದದ."

"ಬರ್ಲಿ ಬಿಡು. ಹುಳ ಹತ್ತಬಾರದಂತ ಹಾಕಿದ್ದು."

"ನಾ ಹುಳಾನೇ ಸಾಕಾಕತ್ತೀನಲ್ಲ ಯವ್ವ" ಎಂದಳು ದಾನಮ್ಮ. ಆಮೇಲೆ ಚಹಾದ ಬಟ್ಟಲನ್ನು ನನ್ನ ಮುಂದಿಟ್ಟಳು. ಒಂದು ಹನಿಯೂ ಚೆಲ್ಲಿರಲಿಲ್ಲ.

ತಪ್ಪು ಹುಟ್ಟಿದ್ದು ಒಂದು ಶಬ್ದದಿಂದ. ಅವಳ ಮಾರ್ಗದರ್ಶಕರು ಮೈಸೂರು ಕಡೆಯವರು. ನೊಣದ ಆಹಾರಕ್ಕೆ ಬೆಲ್ಲ, ಯೀಸ್ಟ್, ಜೋಳದ ಹಿಟ್ಟು ಎಂದು ಅವರು ಫೋನಿನಲ್ಲಿ ಹೇಳಿದ್ದರು. ಅವರ ನಾಲಿಗೆಯಲ್ಲಿ ಜೋಳವೆಂದರೆ ಮುಸುಕಿನ ಜೋಳ. ನಾವು ಅದನ್ನು ಗೋವಿನಜೋಳ ಎನ್ನುತ್ತೇವೆ, ಜೋಳ ಎನ್ನುವುದಿಲ್ಲ. ಹೋಲಿಕೆಗೆಂದು ಇಟ್ಟ ಸಹಜ ನೊಣಗಳು ನಗರದ ಪ್ರಯೋಗಾಲಯದಲ್ಲಿ ಆ ಜೋಳವನ್ನು ತಿಂದವು, ಕತ್ತರಿಸಿದ ತಳಿ ಸೇಡಂನಲ್ಲಿ ಈ ಜೋಳವನ್ನೂ ಜೊತೆಗೆ ಬೇವನ್ನೂ ತಿಂದಿತು. ಬೇವು ಕೀಟದ ಬೆಳವಣಿಗೆಯನ್ನು ಕೆಡಿಸುತ್ತದೆ ಎಂಬುದನ್ನು ದಾನಮ್ಮ ವರ್ಷ ವರ್ಷ ಪಾಠ ಮಾಡಿದವಳು. ತಲೆ ಹೋದದ್ದು ತುಣುಕು ಇಲ್ಲದ್ದಕ್ಕೋ, ಬೇವು ಇದ್ದದ್ದಕ್ಕೋ, ಹೇಳುವಂತಿರಲಿಲ್ಲ.

ಅವಳು ನನ್ನೆದುರಿಗೇ ಮಾರ್ಗದರ್ಶಕರಿಗೆ ಫೋನು ಮಾಡಿದಳು. ಅವರ ದನಿ ನನಗೂ ಕೇಳುತ್ತಿತ್ತು.

"ಈಗ ಇದನ್ನೆಲ್ಲ ಯಾರು ಕೇಳ್ತಾರೆ ದಾನಮ್ಮ? ಕೊಟ್ಟುಬಿಡಿ."

"ನಾನೇ ಕೇಳಾಕತ್ತೀನಲ್ಲರಿ ಸರ್."

ಅವಳು ಅಳಲಿಲ್ಲ, ತಾಯಿಯನ್ನು ಬೈಯಲಿಲ್ಲ, ನನ್ನ ಸಲಹೆಯನ್ನೂ ಕೇಳಲಿಲ್ಲ. ಪ್ರಬಂಧ ಸಲ್ಲಿಕೆಯಾಗದೆ ಅವಧಿ ಮುಗಿಯಿತು, ನೋಂದಣಿ ರದ್ದಾಯಿತು. ಸಂಶೋಧನೆಯ ಮುಂದಿನ ಪ್ರವೇಶ ಪರೀಕ್ಷೆಯನ್ನು ಅವಳು ತನ್ನದೇ ಹಳೆಯ ವಿದ್ಯಾರ್ಥಿನಿ ಭಾಗ್ಯಶ್ರೀಯ ಪಕ್ಕದ ಬೆಂಚಿನಲ್ಲಿ ಕುಳಿತು ಬರೆದಳು. "ಮೇಡಮ್, ನಿಮ್ಮ ಮಗ್ಗಲದಾಗ ಕುಂತ್ರ ನಿಮ್ಮ ಪೇಪರ್ ಕಡೀಗೇ ಕಣ್ಣು ಹೋಗ್ತಾವ್ರಿ" ಎಂದು ಆ ಹುಡುಗಿ ಅಂದಾಗ, "ನೀ ಮುಂದ ನೋಡಿ ಬರಿ, ನನ್ನ ಪೇಪರ್ ನೋಡಬ್ಯಾಡ" ಎಂದಳಂತೆ.

ಪ್ರಯೋಗ ಮೊದಲಿನಿಂದ ನಡೆಯಿತು. ಎರಡೂ ತಳಿಗೆ ಒಂದೇ ಆಹಾರ: ಒಮ್ಮೆ ಗೋವಿನಜೋಳ, ಒಮ್ಮೆ ಹಸನಾದ ಬಿಳಿಜೋಳ, ಒಮ್ಮೆ ಬೇವು ಬೆರೆತದ್ದು. ಬೇವಿಲ್ಲದ ಆಹಾರದಲ್ಲಿ ತಲೆಯಿಲ್ಲದ ಭ್ರೂಣಗಳು ಮಾಯವಾದವು. ಉಳಿದದ್ದು ಒಂದು ಸಣ್ಣ ಕೊರತೆ: ನೊಣ ವಾಸನೆ ಹಿಡಿಯುವ ಮೀಸೆ ಮೂಡಬೇಕಾದ, ತಲೆಯ ಒಂದೇ ಒಂದು ಖಂಡ ಕತ್ತರಿಸಿದ ತಳಿಯಲ್ಲಿ ಕಾಣಿಸುತ್ತಿರಲಿಲ್ಲ. ಪ್ರತಿ ಸಲವೂ ಅದೇ ಖಂಡ, ಏನು ತಿನ್ನಿಸಿದರೂ. ಇಡೀ ತಲೆಯನ್ನು ಆಳುತ್ತದೆಂದು ಅವಳು ಬರೆದಿದ್ದ ತುಣುಕು ಅಷ್ಟನ್ನು ಮಾತ್ರ ಆಳುತ್ತಿತ್ತು.

"ಸಣ್ಣದದ ರೀ," ಎಂದಳು, ಸೂಕ್ಷ್ಮದರ್ಶಕವನ್ನು ನನ್ನ ಕಡೆ ಸರಿಸಿ. "ಖರೇ ಅದ."

ಡಾಕ್ಟರೇಟ್ ಇನ್ನೂ ಬಂದಿಲ್ಲ. ಭೀಮಮ್ಮ ಮಾತ್ರ ಈಗ ನೊಣದ ಜೋಳವನ್ನು ಮೊದಲು ಕೇರಿ ತೆಗೆದಿಟ್ಟು, ಆಮೇಲೆ ಮನೆಯ ರೊಟ್ಟಿಯದಕ್ಕೆ ಕೈ ಹಾಕುತ್ತಾಳೆ.

ನಿರಾಸೆಯಾದಾಗ ತಪ್ಪು ಹುಡುಕುವವರನ್ನು ನಾನು ಪ್ರಯೋಗಾಲಯಗಳಲ್ಲಿ ಧಾರಾಳವಾಗಿ ನೋಡಿದ್ದೇನೆ. ಅದಕ್ಕೆ ದೊಡ್ಡ ಗುಣವೇನೂ ಬೇಕಾಗಿಲ್ಲ. ಬಯಸಿದ ಉತ್ತರವೇ ಕೈಗೆ ಬಂದ ಹೊತ್ತಿನಲ್ಲಿ "ತಡೀರಿ" ಎನ್ನುವವರು ಬೇರೆಯೇ ಜಾತಿಯವರು. ಅವರ ಹೆಸರು ದೊಡ್ಡದಾಗುವುದು ಅಪರೂಪ, ಏಕೆಂದರೆ ಅವರು ದೊಡ್ಡದೆಂದು ಹೇಳಬಹುದಾದದ್ದನ್ನು ಇದ್ದಷ್ಟೇ ಹೇಳಿ ನಿಲ್ಲಿಸುತ್ತಾರೆ. ತಾನು ಉಣ್ಣುವುದನ್ನು ಯಾರು ಬೇಕಾದರೂ ಕೇರುತ್ತಾರೆ. ವಿದ್ಯೆ ನಿಂತಿರುವುದು ನೊಣಕ್ಕೂ ಕೇರುವವರಿಂದ.