ಹಾನಿಯಿಲ್ಲದ ಮಳೆಗಳು

ತೆರೆದ ಒಂದು ಬಾಗಿಲು. ಖರ್ಜೂರದ ಮರದ ಹಳೆಯ ಹಲಗೆಗಳನ್ನು ಜೋಡಿಸಿ ಮಾಡಿದ್ದು. ಹೊರಮೈಗೆ ನೀಲಿ ಬಣ್ಣ, ಬಣ್ಣದ ನಡುವೆ, ಬಂದವರು ತಟ್ಟಲು, ಮೀನಿನಾಕಾರದ ಕಬ್ಬಿಣದ ಬಡಿಗೆ. ಒಳಕ್ಕೆ ಪೂರ್ತಿ ತಿರುಗಿ, ನಡುವಂಕಣದ ಗೋಡೆಗೆ ಬೆನ್ನು ಹಚ್ಚಿ ನಿಂತಿದೆ. ಅಲುಗದಿರಲೆಂದು ಅದರ ಬುಡಕ್ಕೆ ಒಂದು ಗುಂಡುಕಲ್ಲು. ಕಲ್ಲಿನ ಮೇಲೆ ಅಂಗೈಯಗಲದ ಬಿಸಿಲು. ಕಲ್ಲಿನ ಪಕ್ಕದಲ್ಲಿ ಕೆಂಪು ತೊಗಲಿನ ಒಂದು ಜೊತೆ ಚಪ್ಪಲಿ, ಮೂಗು ಬೀದಿಯ ಕಡೆಗೆ. ಏನೂ ಅಲುಗುವುದಿಲ್ಲ, ಬಿಸಿಲು ಮಾತ್ರ, ಯಾರೂ ನೋಡದಾಗ, ಕಲ್ಲಿನಿಂದ ಚಪ್ಪಲಿಗೆ ಇಳಿಯುತ್ತದೆ.

ಐನ್ ಸಫ್ಸಾಫ್ ಊರಿನಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದರೆ ಒಂದೋ ಒಳಗೆ ಸಾವಾಗಿರಬೇಕು, ಇಲ್ಲವೇ ನೆರೆಯವರೊಡನೆ ಜಗಳವಾಗಿರಬೇಕು. ಆದ್ದರಿಂದ ಪುರಸಭೆಯ ಹಿರಿಯ ಗುಮಾಸ್ತ ಜಲ್ಲೂಲನ ಮನೆಯ ಬಾಗಿಲಿನ ಒಳಮೈಯನ್ನು ಊರಿನ ಯಾರೂ ಕಂಡಿರಲಿಲ್ಲ. ರಾತ್ರಿ ಅದನ್ನು ಮುಚ್ಚುವಾಗ ಅವನು ನಡುವಂಕಣದ ದೀಪ ಹಾಕುತ್ತಿರಲಿಲ್ಲ. ಹೆಂಡತಿ ದೂಜ ತೀರಿಕೊಂಡ ಮೇಲೆ ಮೂರು ವರ್ಷಗಳಿಂದ ಹಾಗೆಯೇ ನಡೆದು ಬಂದಿತ್ತು; ಅವಳು ಸತ್ತ ಹಗಲೂ ಅವನು ಆ ಬಾಗಿಲು ಮುಚ್ಚಿರಲಿಲ್ಲ.

ಮೂವತ್ತೊಂದು ವರ್ಷ ಅವನು ಊರಿನ ಅಕ್ಷರವಾಗಿದ್ದ. ಉಯಿಲು, ಮದುವೆಯ ಕರಾರು, ಗಡಿಯ ತಕರಾರು, ಯಾವುದೇ ಇರಲಿ, ಸೀ ಜಲ್ಲೂಲ್ ಬರೆದರೆಂದರೆ ಅಲ್ಲಿಗೆ ಮಾತು ಮುಗಿಯಿತು. ಊರು ಹೆಸರಿನ ಮುಂದಿನ 'ಸೀ' ಎಂಬ ಗೌರವವನ್ನು ಬಿಟ್ಟು ಅವನನ್ನು ಒಮ್ಮೆಯೂ ಕರೆದದ್ದಿಲ್ಲ.

ಆ ವರ್ಷ ಬಾವಿಗಳ ನೀರು ಇನ್ನೂ ಎರಡು ಮಾರು ಕೆಳಗಿಳಿದು ಉಪ್ಪಾಯಿತು. ಶರತ್ಕಾಲದಲ್ಲಿ ಒಂದೆರಡು ಸಲ ಬಡಿದು ಬೀಳುವ ಮಳೆಯೋ ಬೀದಿಗಳನ್ನು ಕೊಚ್ಚಿ ಒಣಹೊಳೆಯ ಪಾಲಾಗುತ್ತಿತ್ತು. ಆ ನೀರನ್ನು ಆಟದ ಬಯಲಿನ ಕೆಳಗೆ ಹಿಡಿದು, ಇಂಗುಗುಂಡಿಗಳ ಮೂಲಕ ನೆಲಕ್ಕೆ ಉಣಿಸುವ ಯೋಜನೆಯೊಂದಕ್ಕೆ ರಾಜಧಾನಿಯ ಒಂದು ನಿಧಿ ಅನುದಾನ ಕೊಡುವುದೆಂದು ಸುದ್ದಿ ಬಂತು. ಮೇಯರ್ ಲಾಮೀನ್ ಅರ್ಜಿಯನ್ನು ಮೇಜಿನ ಮೇಲೆ ಹರಡಿ ಕೂತ.

"ಹದಿನೇಳನೇ ಪ್ರಶ್ನೆ, ಸೀ ಜಲ್ಲೂಲ್. ಇಪ್ಪತ್ತೈದು ವರ್ಷದಲ್ಲಿ ಬಂದ ನೆರೆ, ಅದರ ತಾರೀಖು, ಎತ್ತರ, ಆದ ಹಾನಿ. ಆಧಾರ ಸಮೇತ ಕೊಡ್ಬೇಕಂತೆ. ಇದೇನು ಮಹಾ? ನಮ್ಮೂರಿಗೆ ನೆರೆಗೇನು ಬರವೇ! ಕಡತ ತನ್ನಿ."

ಜಲ್ಲೂಲ್ ಕಡತ ತಂದ. ಓದಲು ಅವನಿಗೆ ಮನಸ್ಸಿರಲಿಲ್ಲ. ಆದರೂ ಓದಿದ:

"'ಮಳೆಯು ಸಂಜೆ ನಾಲ್ಕಕ್ಕೆ ಆಗಮಿಸಿ, ಬೀದಿಗಳನ್ನು ಸವಿನಯವಾಗಿ ತೊಳೆದು, ಆರಕ್ಕೆ ಹೊಳೆಯತ್ತ ನಿರ್ಗಮಿಸಿತು. ಹಾನಿಯಿಲ್ಲ.'"

"ಅವತ್ತೇ ಅಲ್ವೇನ್ರೀ ಸಾದೋಕನ ಕಾಫಿ ಅಂಗಡಿ ಕುರ್ಚಿಗಳು ಪಕ್ಕದೂರಲ್ಲಿ ಸಿಕ್ಕಿದ್ದು?"

"ಅವತ್ತೇ."

"ಮತ್ತೆ ಹಾನಿಯಿಲ್ಲ ಅಂತ ಬರ್ದಿದೀರಿ?"

"ಹಾನಿ ಅಂತ ಬರೆದ್ರೆ ಚರಂಡಿ ಏನಾಯ್ತು ಅಂತ ಗವರ್ನರ್ ಕೇಳ್ತಾರೆ, ಬೇಡ ಅಂದ್ರು ಆಗಿನ ಮೇಯರ್."

"ಯಾವ ಮೂರ್ಖ ಆಗ ಮೇಯರ್?"

"ನಿಮ್ಮ ಮಾವ."

ಲಾಮೀನ್ ಕೆಮ್ಮಿದ. "ಸರಿ, ಮುಂದಿಂದು ಓದಿ."

"'ತುಂತುರು. ಹಿತಕರ.'"

"ತುಂತುರಾ! ಕತ್ತೆ ತೇಲ್ಕೊಂಡು ಹೋಯ್ತಲ್ರೀ! ಅದನ್ನ ಯಾರು ಬರ್ಸಿದ್ದು?"

"ನೀವೇ."

ಕಿಟಕಿಯ ಹೊರಗೆ ಯಾರೋ ಬೈಸಿಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಮೇಯರ್ ಎದ್ದು ಕಿಟಕಿ ಮುಚ್ಚಿದ. ಆಮೇಲೆ ಮೇಜು ಕುಟ್ಟಿದ: "ಕಡತ ಸುಳ್ಳು ಹೇಳಬಹುದು, ಗೋಡೆ ಹೇಳತ್ತಾ? ಯಾರ್ಯಾರ ಮನೇಲಿ ನೀರಿನ ಕಲೆ ಇದೆಯೋ, ತೋರಿಸ್ಲಿ. ಅಳೆಯೋಕೆ ಬರೋರಿಗೆ ಅದೇ ಆಧಾರ."

ಜಲ್ಲೂಲ್ ಕಡತ ಮಡಚಿದ. ಆಧಾರ ಎಲ್ಲಿದೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಪ್ರತಿ ನೆರೆ ಇಳಿದ ಮರುದಿನ ದೂಜ ಬಾಗಿಲಿನ ಒಳಮೈಯಲ್ಲಿ, ನೀರು ಮುಟ್ಟಿದಲ್ಲಿ, ಮೊಳೆಯಿಂದ ಗೆರೆ ಗೀಚಿ, ಬಟ್ಟೆಗೆ ಹಾಕುವ ನೀಲಿಯನ್ನು ಅದಕ್ಕೆ ತುಂಬುತ್ತಿದ್ದಳು. ಪಕ್ಕದಲ್ಲಿ ತಾರೀಖು. ತಾರೀಖಿನ ಪಕ್ಕದಲ್ಲಿ ಗಂಡನ ವರದಿ, ಮತ್ತು ಅದಕ್ಕೆ ಅವಳ ಉತ್ತರ. ಆ ಬಾಗಿಲು ಮುಚ್ಚಿ ತೋರಿಸಿದರೆ ಊರಿಗೆ ನೀರು ಸಿಗುತ್ತದೆ. ಮೂವತ್ತೊಂದು ವರ್ಷದ ಅಕ್ಷರ ಒಣಹೊಳೆಗೆ ಹೋಗುತ್ತದೆ.

ಗೋಡೆಗಳಿವೆಯಲ್ಲ, ಎಂದು ಅವನು ತನಗೆ ತಾನೇ ಹೇಳಿಕೊಂಡ.

ಗೋಡೆಗಳಿದ್ದವು ನಿಜ, ಆದರೆ ಆ ಊರಿನಲ್ಲಿ ನೆರೆಯೂ ಒಂದು ಮನೆತನದ ಹಿರಿಮೆ. ಸಾದೋಕ್ ತನ್ನ ಅಂಗಡಿಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಗೆರೆ ಎಳೆದ. ಅದನ್ನು ಕಂಡು ಎದುರಿನ ಕ್ಷೌರಿಕ ಫ್ರಾಜ್ ಕನ್ನಡಿಯ ಮೇಲಂಚಿಗೆ ಎಳೆದ.

"ನಿನ್ನ ಅಂಗಡೀಲಿ ಅಷ್ಟು ನೀರಿದ್ರೆ ನೀನು ಹೆಂಗೋ ಬದುಕಿದೆ?"

"ನಾನೇನು ನಿನ್ನ ಹಾಗೆ ಕುಳ್ಳನಾ?"

ಮರುದಿನ ಸಾದೋಕನ ಗೆರೆ ಸೂರಿನ ಕೆಳಗೆ ಹೋಗಿತ್ತು. ಗುಡ್ಡದ ನೆತ್ತಿಯಲ್ಲಿ ಮನೆಯಿದ್ದ, ಊರಿಗೆಲ್ಲ ಚಿಕ್ಕಮ್ಮನಾದ ಖಾಲ್ತಿ ವಸೀಲಳಿಗೆ ಇದನ್ನು ಸಹಿಸಲಾಗಲಿಲ್ಲ. "ಕೆಳಗಿನ ಕೇರಿಯ ನಿನ್ನೆ ಮೊನ್ನೆಯವರ ಮನೆಗೇ ಅಷ್ಟು ನೀರು ಬಂದಿತ್ತು ಅಂದ್ರೆ, ಏಳು ತಲೆಮಾರಿನ ನಮ್ಮನೆಗೆ ಬಂದಿರಲ್ವಾ?" ಎಂದು ಏಣಿ ತರಿಸಿದಳು.

ಗುರುವಾರ ಅಳೆಯುವವರು ಬಂದರು. ಬಂದದ್ದು ಒಬ್ಬಳೇ, ರೀಮ್ ಎಂಬ ಇಂಜಿನಿಯರು. ಧೂಳು ಮೆತ್ತಿದ ಬೂಟು, ಮುಕ್ಕಾಲಿಯ ಮೇಲೆ ಕೂರಿಸಿ ನೆಲದ ಮಟ್ಟ ನೋಡುವ ದುರ್ಬೀನು, ಕಡಿಮೆ ಮಾತು. ಬೆಳಿಗ್ಗೆಯೇ ಸೇತುವೆಯ ಕಂಬವೊಂದನ್ನು ಅಳೆದು, ಆಮೇಲೆ ಊರೊಳಗೆ ಹೆಜ್ಜೆಯಿಟ್ಟಳು. ಮೇಯರ್ ಮುಂದೆ, ಊರು ಹಿಂದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಗೆರೆಗಳನ್ನೂ ಬರೆದುಕೊಂಡು, ಕಾಫಿ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದಳು.

"ಮೇಯರ್ ಸಾಹೇಬರೇ, ಇದರ ಪ್ರಕಾರ ನೀರು ಮೊದಲು ಗುಡ್ಡ ಹತ್ತಿದೆ. ಖಾಲ್ತಿಯವರ ಮನೆಯಲ್ಲಿ ಊಟ ಮಾಡಿದೆ. ಆಮೇಲೆ ಕ್ಷೌರ ಮಾಡಿಸ್ಕೊಂಡು ಇಲ್ಲಿ ಕಾಫಿಗೆ ಬಂದಿದೆ."

"ನಮ್ಮೂರಿನ ನೀರು ಸ್ವಲ್ಪ ಹಟಮಾರಿ, ಮದಾಮ್," ಎಂದ ಲಾಮೀನ್.

ಅವಳು ಗೋಡೆಯನ್ನು ಬೆರಳಿನಿಂದ ಮುಟ್ಟಿದಳು. ಬೆರಳಿಗೆ ಬಣ್ಣ ಹತ್ತಿತು. ಹೊರಗೆ ಸಕ್ಕರೆ ಕಲಕುವ ಚಮಚದ ಸದ್ದು ನಿಂತಿತು.

"ನನಗೆ ಈ ಯೋಜನೆ ಇಷ್ಟ. ನಿಮ್ಮ ಬಾವೀನೂ ನೋಡಿದೆ," ಎಂದಳು ರೀಮ್, ಬೆರಳನ್ನು ಕರವಸ್ತ್ರಕ್ಕೆ ಒರೆಸುತ್ತ. "ಸೇತುವೆ ಕಂಬದ ಮೇಲೆ ಹಳೇ ಕಲೆಗಳಿವೆ, ಆದ್ರೆ ತಾರೀಖಿಲ್ಲ. ತಾರೀಖಿರೋ ಒಂದೇ ಒಂದು ನಿಜವಾದ ಗೆರೆ ಕೊಡಿ. ಇಲ್ದಿದ್ರೆ ಐದು ಗಂಟೆ ವ್ಯಾನಿಗೆ ನಾನು ಹೊರಟೆ."

ಸಾದೋಕ್ ಫ್ರಾಜನನ್ನು ನೋಡಿದ, ಫ್ರಾಜ್ ಛಾವಣಿಯನ್ನು ನೋಡಿದ. ಎಲ್ಲರ ನೋಟವೂ ಕೊನೆಗೆ, ಅಭ್ಯಾಸಬಲದಿಂದ, ಜಲ್ಲೂಲನ ಮೇಲೆ ಬಂದು ನಿಂತಿತು. ಕಷ್ಟ ಬಂದಾಗಲೆಲ್ಲ ಅವನು ಒಂದು ಒಳ್ಳೆಯ ವಾಕ್ಯ ಬರೆದು ಊರನ್ನು ಪಾರುಮಾಡಿದ್ದ. ಈಗ ಅವನ ಬಳಿ ವಾಕ್ಯವಿರಲಿಲ್ಲ. ಮೇಜಿನ ಮೇಲಿನ ನೀರಿನ ಲೋಟದಲ್ಲಿ ಬಾವಿಯ ಉಪ್ಪು ಬಿಳಿಯ ಬಳೆಯಂತೆ ಅಂಟಿತ್ತು.

"ಮದಾಮ್, ನಮ್ಮನೇಲಿ ಚಹಾ ಕುಡೀರಿ," ಎಂದ.

ಊರೂ ಕರೆಯದೆಯೇ ಬಂತು. ನಡುವಂಕಣ ತುಂಬಿತು. ಜಲ್ಲೂಲ್ ಬಾಗಿ ಗುಂಡುಕಲ್ಲನ್ನು ಸರಿಸಿ, ಬಾಗಿಲನ್ನು ಮುಚ್ಚಿ, ಮೂರು ವರ್ಷದ ಮೇಲೆ ದೀಪ ಹಾಕಿದ.

ಹನ್ನೊಂದು ನೀಲಿ ಗೆರೆಗಳು. ಅತಿ ಎತ್ತರದ್ದು ಮೊಣಕಾಲಿನ ಮೇಲೆ ಎರಡು ಬೆರಳು, ಅಷ್ಟೆ. ರೀಮ್ ಮಂಡಿಯೂರಿ ಅಳೆದಳು, ಕಂಬದ ಲೆಕ್ಕದೊಡನೆ ಹೋಲಿಸಿದಳು, ಮತ್ತೆ ಅಳೆದಳು. ದೀಪ ಸಾಲದೆ ಮೇಯರ್ ಕನ್ನಡಕ ಏರಿಸಿ, ಯಾರೂ ಕೇಳದಿದ್ದರೂ, ಗಟ್ಟಿಯಾಗಿ ಓದತೊಡಗಿದ:

"'ಜಲ್ಲೂಲ್ ಬರೆದ: ಹಿತಕರ. ನನ್ನ ಎರಡು ಮೂಟೆ ಹಿಟ್ಟು ಹಿತವಾಗಿ ಅಂಟಾಯಿತು.' ಇನ್ನೊಂದು... 'ಜಲ್ಲೂಲ್ ಬರೆದ: ಸವಿನಯವಾಗಿ. ಕೋಳಿಗಳನ್ನು ಕೇಳಬೇಕಿತ್ತು.' ಇಲ್ಲೊಂದು... 'ಲಾಮೀನನ ಮೊದಲ ನೆರೆ. ಅವನ ಮಾವನ ನೆರೆಯೇ ವಾಸಿ.'" ಮೇಯರ್ ಓದುವುದನ್ನು ನಿಲ್ಲಿಸಿದ.

ನಗು ನಡುವಂಕಣದಿಂದ ಅಂಗಳಕ್ಕೆ ಹರಿಯಿತು. ಫ್ರಾಜ್ ಮಾತ್ರ ಚಿಂತೆಗೆ ಬಿದ್ದ. "ಸೀ ಜಲ್ಲೂಲ್, ನನ್ನ ಮದುವೆ ಕರಾರೂ ನೀವೇ ಬರ್ದದ್ದು. ಅದೂ ಹೀಗೇನಾ?"

"ದುರದೃಷ್ಟವಶಾತ್, ಫ್ರಾಜ್, ಅದು ನಿಜ."

"ಕಂಬದ ಕಲೆಗಳಿಗೂ ಇದಕ್ಕೂ ಒಂದು ಬೆರಳಿನ ವ್ಯತ್ಯಾಸ ಇಲ್ಲ," ಎಂದಳು ರೀಮ್ ಎದ್ದು ನಿಂತು. "ಯಾರು ಗೀಚಿದ್ದು?"

"ನನ್ನ ಹೆಂಡತಿ."

"ಏನು ಕೆಲಸದಲ್ಲಿದ್ರು?"

"ನನ್ನನ್ನು ನಂಬದೇ ಇರೋದು, ಮದಾಮ್. ಮೂವತ್ತು ವರ್ಷ. ಒಂದು ದಿನ ರಜೆ ತಗೊಳ್ಲಿಲ್ಲ."

ಅವಳು ನಗಲಿಲ್ಲ. ಚೀಲದಿಂದ ಒಂದು ಹಾಳೆ ತೆಗೆದಳು. "ಈ ಗೆರೆಗಳು ನಿಜ ಅಂತ ಪುರಸಭೆಯವರು ಬರೆದು ಸಹಿ ಮಾಡ್ಬೇಕು. ಮಾಡಿದ್ರೆ ನಿಮ್ಮ ವರದಿಗಳೆಲ್ಲ ಸುಳ್ಳು ಅಂತಾಗತ್ತೆ. ಗೊತ್ತಲ್ವಾ?"

"ಗೊತ್ತು."

ಬರೆಯಲು ನೆಲದ ಮೇಲೆ ಕೂತಾಗ ಹನ್ನೊಂದನೆಯ ಗೆರೆಯ ಬರಹ ಅವನ ಕಣ್ಣಿಗೆ ಬಿತ್ತು. ಅದನ್ನು ಅವನು ಓದಿರಲೇ ಇಲ್ಲ. ದೂಜ ಹೋಗುವ ಹಿಂದಿನ ಶರತ್ಕಾಲದ್ದು. ಅಕ್ಷರ ನಡುಗಿತ್ತು. 'ಜಲ್ಲೂಲನ ಕೆಂಪು ಚಪ್ಪಲಿ ತೇಲಿ ಹೊರಟಿತ್ತು. ಹಿಡಿದುಕೊಂಡೆ. ಇದನ್ನು ಅವನು ಬರೆಯುವುದಿಲ್ಲ.'

ಅವನು ಪೆನ್ನಿನ ಮುಚ್ಚಳ ತೆಗೆದ. ಆಮೇಲೆ ಒಂದೂ ವಿಶೇಷಣವಿಲ್ಲದೆ ಬರೆದ: ಹನ್ನೊಂದು ನೆರೆ, ಹನ್ನೊಂದು ತಾರೀಖು, ಹಿಟ್ಟು, ಕೋಳಿ, ಕುರ್ಚಿ, ಕತ್ತೆ. ಕೊನೆಯಲ್ಲಿ: 'ಉಳಿಸಿಕೊಂಡದ್ದು: ಚಪ್ಪಲಿ, ಒಂದು ಜೊತೆ.'

ರೀಮ್ ಆ ಸಾಲನ್ನು ಎರಡು ಸಲ ಓದಿದಳು. "ಇದು ಯಾವ ಕಾಲಮ್ಮಿಗೆ ಸೇರತ್ತೋ ಕಾಣೆ," ಎಂದಳು. "ಇರ್ಲಿ ಬಿಡಿ. ತೀರ್ಮಾನ ಮೇಲಿನವರದ್ದು. ಆದ್ರೆ ಇದನ್ನ ಪಕ್ಕಕ್ಕೆ ಇಡೋಕೆ ಯಾರಿಗೂ ಧೈರ್ಯ ಬರಲ್ಲ."

ಊರು ಒಬ್ಬೊಬ್ಬರಾಗಿ ಹೊರಗೆ ಹೋಯಿತು, ತಮ್ಮ ಗೋಡೆಗಳ ಮೇಲಿನ ಗೆರೆಗಳನ್ನು ಅಳಿಸಲು ಸುಣ್ಣ ಯಾರ ಮನೆಯಲ್ಲಿದೆ ಎಂದು ಜಗಳಾಡುತ್ತ. ಖಾಲ್ತಿ ವಸೀಲ ಹೊಸ್ತಿಲಲ್ಲಿ ನಿಂತು, "ಜಲ್ಲೂಲ್, ನಾಳೆ ನನ್ನ ಉಯಿಲು ಇನ್ನೊಂದ್ಸಲ ಓದಿ ಹೇಳು," ಎಂದಳು. ಅವಳು 'ಸೀ' ಬಿಟ್ಟಿದ್ದಳು. ಜಲ್ಲೂಲನಿಗೆ ಅದು ಕೇಳಿಸಿತು, ಅಷ್ಟೇನೂ ನೋಯಲಿಲ್ಲ.

ವ್ಯಾನಿನ ಹಾರ್ನ್ ಕೇಳಿಸಿತು. ರೀಮ್ ಮುಕ್ಕಾಲಿಯನ್ನು ಹೆಗಲಿಗೇರಿಸಿ, ತಲೆಬಾಗಿ, ಹೊರಟಳು. ರಾಜಧಾನಿಯವಳು, ಇಲ್ಲಿಯ ರೀತಿ ಅವಳಿಗೆ ತಿಳಿಯದು. ಸಂಜೆಯ ಬಿಸಿಲು ಇನ್ನೂ ಬೀದಿಯಲ್ಲಿರುವಾಗಲೇ, ಮರ್ಯಾದೆಗೆಂದು, ಬಾಗಿಲನ್ನು ತನ್ನ ಹಿಂದೆ ಮೆಲ್ಲಗೆ ಎಳೆದುಕೊಂಡಳು. ಮರ ಮರಕ್ಕೆ ತಾಗಿತು. ಹನ್ನೊಂದು ನೀಲಿ ಗೆರೆಗಳೂ ಜಲ್ಲೂಲನ ಕಡೆಗೆ ತಿರುಗಿ ನಿಂತವು.